ಹಿಗ್ಗುವ ಕಾಲ

ಕಾಯುವಾಗ ಗಂಟೆ ಉದ್ದ, ಹರಟುವಾಗ ಗಿಡ್ಡ. ಸಾಪೇಕ್ಷತಾ ಸಿದ್ಧಾಂತ ಎಂದರೆ ಇಷ್ಟೇ ಎಂದು ಹಲವರು ತಿಳಿದಿದ್ದಾರೆ. ಅದು ಮನಸ್ಸಿನ ಮಾತು, ಸಹೋದರಿಯರೇ. 1905ರಲ್ಲಿ ಐನ್‌ಸ್ಟೀನ್ ಹೇಳಿದ್ದು ಗಡಿಯಾರದ ಮಾತು: ವೇಗವಾಗಿ ಓಡುವುದರ ಕಾಲ, ನಿಂತು ನೋಡುವವರ ಲೆಕ್ಕದಲ್ಲಿ ನಿಧಾನವಾಗುತ್ತದೆ. ಮುಳಬಾಗಿಲಿನ ಬಸ್ಸಿನಲ್ಲಿ ಇದು ತಿಳಿಯದು, ಅದರ ವೇಗ ಸಾಲದು.

ಮ್ಯೂಆನ್ ಎಂಬ ಕಣ ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟುತ್ತದೆ. ಅದರ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ. ಬೆಳಕಿನಷ್ಟೇ ವೇಗವಾಗಿ ಓಡಿದರೂ ಅಷ್ಟರಲ್ಲಿ ಮುಕ್ಕಾಲು ಕಿ.ಮೀ. ಕೂಡ ದಾಟಲಾರದು. ಆದರೂ ನಮ್ಮ ಅಂಗಳಕ್ಕೆ ಬೀಳುತ್ತಲೇ ಇವೆ, ಅವುಗಳ ಕಾಲ ಹಿಗ್ಗುವುದರಿಂದ! ಬಲವಾದವು ನೆಲವನ್ನೂ ತೂರುತ್ತವೆ. ಕೆ.ಜಿ.ಎಫ್. ಚಿನ್ನದ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವುಗಳನ್ನು ಎಣಿಸಿದ್ದರು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ಸಿಕ್ಕ ಚಿನ್ನದ ಲೆಕ್ಕ ಎಲ್ಲರ ಬಾಯಲ್ಲಿದೆ, ಈ ಲೆಕ್ಕವನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಲಿಲ್ಲ.