ಮುಸ್‌ಹಫ್‌ನೊಂದಿಗೆ ಓದಿಸುವವರನ್ನೂ ಕಳುಹಿಸಿದ್ದರು

"ಈಗಿನ ಮಕ್ಕಳಿಗೆ ಮೇಷ್ಟ್ರು ಯಾಕೆ ಬೇಕು? ಎಲ್ಲವೂ ಮೊಬೈಲಿನಲ್ಲೇ ಇದೆಯಲ್ಲ!" ಅಂತರಘಟ್ಟೆಯಿಂದ ಅಜ್ಜಂಪುರಕ್ಕೆ ಹೋಗುವ ಬಸ್ಸಿನಲ್ಲಿ, ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ, ಮದುವೆಯ ಊಟದ ಸಾಲಿನಲ್ಲಿ ಈ ಮಾತು ಈಗ ಸಾಮಾನ್ಯವಾಗಿದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ನಮ್ಮ ಮೇಷ್ಟ್ರುಗಳಿಗೆ ಕಾಲಕ್ಕೆ ತಕ್ಕಂತೆ ಬದಲಾಗಲು ಬರುವುದಿಲ್ಲ." ಎರಡನ್ನೂ ಹೇಳುವವರು ಹೆಚ್ಚಾಗಿ ಒಬ್ಬರೇ. ಮೇಷ್ಟ್ರು ಬೇಡವೇ ಬೇಡ ಎಂದಾದರೆ, ಅವರು ಬದಲಾಗಲಿಲ್ಲವೆಂಬ ದೂರೇಕೆ? ಮಕ್ಕಳ ವಿದ್ಯೆಯ ಹೊಣೆಯನ್ನು ನಮ್ಮ ಹೆಗಲಿನಿಂದ ಇಳಿಸಿ ಒಮ್ಮೆ ಯಂತ್ರದ ಮೇಲೆ, ಇನ್ನೊಮ್ಮೆ ಅಧ್ಯಾಪಕರ ಮೇಲೆ ಹೊರಿಸುವ ಜಾಣತನವಿದು.

ನಮ್ಮದೇ ಚರಿತ್ರೆಯನ್ನು ನೆನಪಿಸಿಕೊಳ್ಳೋಣ. ಖಲೀಫಾ ಉಸ್ಮಾನ್(ರ)ರವರು ಪವಿತ್ರ ಕುರ್‌ಆನಿನ ಅಧಿಕೃತ ಪ್ರತಿಗಳನ್ನು ಬರೆಯಿಸಿ ಕೂಫಾ, ಬಸ್ರಾ, ಸಿರಿಯಾ ಮುಂತಾದ ಪ್ರಾಂತಗಳಿಗೆ ಕಳುಹಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಪ್ರತಿಗಳ ಜೊತೆಗೆ ಅವುಗಳನ್ನು ಓದಿಸಿ ಕಲಿಸಬಲ್ಲ ಗುರುಗಳನ್ನೂ ಕಳುಹಿಸಿದ್ದರೆಂದು ವಿದ್ವಾಂಸರು ದಾಖಲಿಸಿರುವುದನ್ನು ಹೇಳಲು ಮರೆಯುತ್ತೇವೆ. ಮುಸ್‌ಹಫ್ ಒಂದೇ ಸಾಕೆಂದು ಆ ಮಹನೀಯರು ಭಾವಿಸಲಿಲ್ಲ. ಕಂಠಪಾಠವೇ ಇರುವಾಗ ಬರಹವೇಕೆ ಎಂದು ಅದನ್ನು ದೂರವಿಡಲೂ ಇಲ್ಲ.

ಎಂಟನೆಯ ಶತಮಾನದ ಕೊನೆಯಲ್ಲಿ ಬಗ್ದಾದಿನಲ್ಲಿ ಕಾಗದ ತಯಾರಾಗತೊಡಗಿದಾಗಲೂ ಹೀಗೆಯೇ ನಡೆಯಿತು. ಚರ್ಮ ಮತ್ತು ಪಪೈರಸ್‌ಗೆ ಹೋಲಿಸಿದರೆ ಕಾಗದ ಅಗ್ಗ. ಗ್ರಂಥಗಳು ಹೆಚ್ಚಿದವು, ಅಂಗಡಿಗಳಲ್ಲಿ ಮಾರಾಟಕ್ಕೂ ಬಂದವು. ನಮ್ಮ ಉಲಮಾಗಳು ಕಾಗದವನ್ನು ಎರಡೂ ಕೈಗಳಿಂದ ಬರಮಾಡಿಕೊಂಡರು. ಜೊತೆಗೆ, ವಿದ್ಯಾರ್ಥಿಯು ಗ್ರಂಥವನ್ನು ಗುರುವಿನ ಮುಂದೆ ಓದಿ ತಿದ್ದಿಸಿಕೊಂಡು, ಯಾರಿಂದ ಕೇಳಿದೆ, ಎಲ್ಲಿ ಕೇಳಿದೆ, ಯಾವ ದಿನ ಕೇಳಿದೆ ಎಂಬುದನ್ನು ಅದರಲ್ಲೇ ಬರೆಯಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಇಂತಹ ದಾಖಲೆಗಳಿರುವ ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಹೊಸ ಸಾಧನ ಬಂದಾಗ ಗುರುವಿನ ಸ್ಥಾನವನ್ನು ಹೇಗೆ ಕಾಯಬೇಕೆಂದು ಲೋಕಕ್ಕೆ ತೋರಿಸಿದ ಸಮುದಾಯ ನಮ್ಮದು. ಆ ಸಮುದಾಯದ ಮಕ್ಕಳ ಕೈಗೆ ಇಂದು ಫೋನ್ ಬಂದಿದೆ. ಅದರ ಜೊತೆಗೆ ಓದಿಸುವವರನ್ನು ಕಳುಹಿಸಿದವರು ಯಾರು?

ಅಧ್ಯಾಪಕರು ಬದಲಾಗಲಿಲ್ಲ ಎಂಬ ಆಪಾದನೆಯನ್ನೇ ಪರೀಕ್ಷಿಸೋಣ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಆ ವರ್ಷ ಶಿಕ್ಷಣ ಇಲಾಖೆ 'ವಿದ್ಯಾಗಮ' ಯೋಜನೆಯನ್ನು ತಂದಾಗ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ವಿಂಗಡಿಸಲಾಯಿತು. ಸರಕಾರಿ ಶಾಲೆಯ ಶಿಕ್ಷಕರು ಊರೂರಿಗೆ ಹೋಗಿ ಮರದ ನೆರಳಲ್ಲಿ, ದೇವಸ್ಥಾನಗಳ ಆವರಣದಲ್ಲಿ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಯೋಜನೆ ನಿಲ್ಲುವವರೆಗೂ ಅದು ನಡೆಯಿತು. ಅತ್ತ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಕ್ಯಾಮೆರಾದ ಮುಂದೆ ಎಂದೂ ನಿಂತಿರದ ಶಿಕ್ಷಕರು ಅಡುಗೆಮನೆಯ ಗೋಡೆಗೆ ಕರಿಹಲಗೆ ಒರಗಿಸಿ ವಿಡಿಯೋ ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸಿದರು.

ಅದೇ ಕಾಲದಲ್ಲಿ ನಮ್ಮ ಮನೆಗಳಲ್ಲಿ ಏನಾಯಿತು? ಮನೆಗೊಂದೇ ಫೋನ್. ಬೆಳಿಗ್ಗೆ ಅದು ತಂದೆಯ ಜೇಬಿನಲ್ಲಿ ತೋಟಕ್ಕೋ ಸಂತೆಗೋ ಹೋಯಿತು. ಸಂಜೆ ಅಣ್ಣನ ಕೈ ಸೇರಿತು. ಹತ್ತನೆಯ ತರಗತಿಯ ತಂಗಿಗೆ ಸಿಕ್ಕಾಗ ರಾತ್ರಿ ಹತ್ತು ಗಂಟೆ, ಡೇಟಾ ಖಾಲಿ. ಆ ವರ್ಷ ಶಾಲೆಯಿಂದ ಜಾರಿದ ಹೆಣ್ಣುಮಕ್ಕಳು ನಮ್ಮ ಬೀದಿಗಳಲ್ಲೇ ಇದ್ದಾರೆ. ಬದಲಾಗಬೇಕಾಗಿದ್ದು ಕೇವಲ ಮೇಷ್ಟ್ರೇ?

ವ್ಯವಸ್ಥೆಯೂ ಶಿಕ್ಷಕರಿಗೆ ನ್ಯಾಯ ಮಾಡಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿದಾಗ ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಪ್ರಯೋಗಕ್ಕೆ ಆರಿಸಲಾಗಿತ್ತು. ಆಮೇಲೆ ಕಂಪ್ಯೂಟರ್ ಕೊಠಡಿಗಳು ಬಂದವು, ಪಠ್ಯಪುಸ್ತಕದ ಪುಟಗಳಿಗೆ 'ದೀಕ್ಷಾ'ದ ಕ್ಯೂಆರ್ ಕೋಡ್ ಬಂತು. ಪ್ರತಿ ಬಾರಿಯೂ ಯಂತ್ರ ಮೊದಲು ಬಂದಿತು, ತರಬೇತಿ ಹಿಂದೆ ಉಳಿಯಿತು. ಹಾಜರಾತಿ, ಬಿಸಿಯೂಟ, ವಿದ್ಯಾರ್ಥಿ ಸಾಧನೆಯ ದಾಖಲೆ ಎಂದು ಹತ್ತಾರು ಮಾಹಿತಿಗಳನ್ನು ಆನ್‌ಲೈನಿನಲ್ಲಿ ತುಂಬಿಸುವ ಕೆಲಸವೂ ಸೇರಿಕೊಂಡಿತು. ಪಾಠ ಮಾಡಬೇಕಾದ ಹೊತ್ತಿನಲ್ಲಿ ಸರ್ವರ್ ತೆರೆಯಲು ಕಾಯುತ್ತಾ ಕುಳಿತವರನ್ನು ತಂತ್ರಜ್ಞಾನ ಬಾರದವರೆಂದು ಜರೆಯುವುದು ಅನ್ಯಾಯ.

ಈಗ ಇನ್ನೂ ದೊಡ್ಡ ಪರೀಕ್ಷೆ ಎದುರಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಜನರಿಗೆ ತೆರೆದುಕೊಂಡ ಮೇಲೆ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಯಂತ್ರ ಮಕ್ಕಳ ಕೈಯಲ್ಲಿದೆ. ಪ್ರಬಂಧ ಬೇಕೆ? ಲೆಕ್ಕ ಬೇಕೆ? ಹದೀಸ್ ಬೇಕೆ? ಕ್ಷಣದಲ್ಲಿ ಸಿಗುತ್ತದೆ. ಇಲ್ಲದ ಪುಸ್ತಕಕ್ಕೆ ಹೆಸರು, ಇಲ್ಲದ ಹದೀಸ್‌ಗೆ ಕ್ರಮಸಂಖ್ಯೆ ಕೊಟ್ಟು ಪೂರ್ಣ ವಿಶ್ವಾಸದಿಂದ ಹೇಳುವ ದೌರ್ಬಲ್ಯ ಈ ಯಂತ್ರಗಳಿಗಿದೆ. ಒಂದು ಹದೀಸನ್ನು ಸ್ವೀಕರಿಸುವ ಮುನ್ನ ಅದನ್ನು ವರದಿ ಮಾಡಿದ ಪ್ರತಿಯೊಬ್ಬರ ನೆನಪಿನ ಶಕ್ತಿ, ಪ್ರಾಮಾಣಿಕತೆ, ಒಬ್ಬರು ಇನ್ನೊಬ್ಬರನ್ನು ಭೇಟಿಯಾದ ಸಾಧ್ಯತೆ ಎಲ್ಲವನ್ನೂ ತೂಗಿ ನೋಡಿದ ಸಮುದಾಯದವರು ನಾವು. ಇಮಾಮ್ ಬುಖಾರಿಯವರು ಊರಿಂದೂರಿಗೆ ಅಲೆದದ್ದು ಇದಕ್ಕಾಗಿಯೇ. ಯಂತ್ರಕ್ಕೆ ಸನದು ಎಲ್ಲಿದೆ? ತಪ್ಪು ಹೇಳಿದರೆ ನಾಳೆ ಅಲ್ಲಾಹನ ಮುಂದೆ ಉತ್ತರಿಸುವವರು ಯಾರು? ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು, ಅರಿವಿಲ್ಲದ್ದರ ಹಿಂದೆ ಹೋಗಬಾರದೆಂದು, ಕಿವಿ, ಕಣ್ಣು, ಹೃದಯಗಳ ಬಗ್ಗೆ ವಿಚಾರಣೆ ಇದೆಯೆಂದು ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ. "ಇದು ನಿನಗೆ ಎಲ್ಲಿಂದ ಬಂತು, ತೋರಿಸು" ಎಂದು ಮಗುವನ್ನು ಕೇಳುವ ಒಬ್ಬ ಅಧ್ಯಾಪಕರ ಅಗತ್ಯ ಹಿಂದೆಂದಿಗಿಂತ ಇಂದು ಹೆಚ್ಚಿದೆ.

ಇದನ್ನು ಕೇಳಿ, "ಹಾಗಾದರೆ ಫೋನೇ ಬೇಡ" ಎನ್ನುವವರೂ ನಮ್ಮಲ್ಲಿದ್ದಾರೆ. ಅವರ ನಿಷೇಧ ಗಂಡುಮಕ್ಕಳ ಹತ್ತಿರ ಹೋಗುವುದಿಲ್ಲ. ಹೆಣ್ಣುಮಕ್ಕಳ ಕೈಯಿಂದ ಮಾತ್ರ ಕಿತ್ತುಕೊಳ್ಳುತ್ತದೆ. ಇದಕ್ಕೆ ದೀನಿನ ಹೆಸರು ಕೊಡಬೇಡಿ. ಓದಬೇಕೆಂಬ ಆಜ್ಞೆಯಿಂದ ಆರಂಭವಾಗಿ ಲೇಖನಿಯನ್ನು ಹೆಸರಿಸಿದ ದಿವ್ಯವಾಣಿ ಸಾಧನಕ್ಕೆ ಹೆದರುವುದನ್ನು ಕಲಿಸಲಿಲ್ಲ.

ಅಧ್ಯಾಪಕರಲ್ಲೂ ನಮಗೊಂದು ಮಾತಿದೆ. ವ್ಯವಸ್ಥೆಯ ತಪ್ಪು ನಿಮ್ಮ ಕಲಿಕೆಗೆ ವಿನಾಯಿತಿಯಲ್ಲ. ಮಕ್ಕಳು ಬಳಸುವ ಯಂತ್ರವನ್ನು ತಾವೇ ಮುಟ್ಟಿ ನೋಡದೆ ಅದರ ತಪ್ಪನ್ನು ಹಿಡಿಯಲಾಗದು. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಓದುಬರಹ ಬಲ್ಲವರಿಗೆ, ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಪರಿಹಾರವಾಗಿ ಪ್ರವಾದಿ(ಸ)ರು ಸ್ವೀಕರಿಸಿದ್ದರು. ಶತ್ರುವಿನಿಂದಲೂ ವಿದ್ಯೆ ಪಡೆದ ಪರಂಪರೆ ನಮ್ಮದು. ತರಗತಿಯ ಹುಡುಗನಿಂದ ಒಂದು ಆ್ಯಪ್ ಬಳಸಲು ಕಲಿತರೆ ಗುರುವಿನ ಗೌರವ ಕುಂದುವುದಿಲ್ಲ. ಮದ್ರಸದ ಮೌಲಾನಾರಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಓದುವ ಮಗು ಸಂಶಯ ಬಂದಾಗ ಮೊದಲು ಫೋನನ್ನೇ ಕೇಳುತ್ತದೆ. ಅದು ಏನು ಹೇಳಿತೆಂದು ತಿಳಿಯದಿದ್ದರೆ ತಿದ್ದುವುದು ಹೇಗೆ?

ಆದರೆ ಮೊದಲ ಹೊಣೆ ಜಮಾಅತ್‌ನದು. ಮಸೀದಿಯ ಮಿನಾರಕ್ಕೆ, ಟೈಲ್ಸ್‌ಗೆ, ಹೊಸ ಸೌಂಡ್ ಸಿಸ್ಟಮ್‌ಗೆ ಚಂದಾ ಎತ್ತುವ ನಾವು, ಮಕ್ಕಳಿಗೆ ಕಲಿಸುವ ಮೌಲಾನಾರಿಗೆ ಸಂಸಾರ ನಡೆಸುವಷ್ಟು ಸಂಬಳ ಕೊಡುತ್ತಿದ್ದೇವೆಯೇ? ಅವರ ತರಬೇತಿಗೆ ಒಂದು ರೂಪಾಯಿ ತೆಗೆದಿಟ್ಟಿದ್ದೇವೆಯೇ? ಸರಕಾರಿ ಶಾಲೆಯ ಪೋಷಕರ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ? ಎತ್ತಿನಗಾಡಿಗಳ ಜಾತ್ರೆಗೆ ಹೆಸರಾದ ನಮ್ಮ ಊರಿನಲ್ಲಿ, ಗಾಡಿಗೆ ರಬ್ಬರ್ ಟಯರು ಬಂತೆಂದು ಹೊಡೆಯುವವನನ್ನು ಯಾರೂ ಕೆಳಗಿಳಿಸಲಿಲ್ಲ.

ಮಸೀದಿಯ ಪಕ್ಕದ ಕೋಣೆಯಲ್ಲಿ ವಾರಕ್ಕೆ ಎರಡು ಸಂಜೆ ದೀಪ ಹಚ್ಚೋಣ. ಜಮಾಅತ್ ಖರ್ಚಿನಲ್ಲಿ ಒಂದು ಕಂಪ್ಯೂಟರ್, ಒಂದು ಇಂಟರ್ನೆಟ್ ಸಂಪರ್ಕ, ಅದರ ಪಕ್ಕದಲ್ಲಿ ಗೌರವಧನ ಪಡೆಯುವ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ ಇರಲಿ. ಹೆಣ್ಣುಮಕ್ಕಳಿಗೆ ಸಮಾನ ಸಮಯವಿರಲಿ. ಊರಿನ ಇತರ ಸಮುದಾಯಗಳ ಮಕ್ಕಳಿಗೂ ಬಾಗಿಲು ತೆರೆದಿರಲಿ. ಉಸ್ಮಾನ್(ರ)ರವರು ಮುಸ್‌ಹಫ್‌ನೊಂದಿಗೆ ಓದಿಸುವವರನ್ನು ಕಳುಹಿಸಿದ್ದರು. ನಾವು ಫೋನನ್ನು ಕೊಟ್ಟಾಗಿದೆ, ಇನ್ನರ್ಧ ಕೆಲಸ ಬಾಕಿಯಿದೆ. ಅದನ್ನು ಪೂರೈಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.