ಕಿವಿ ಹೋದ ಮೇಲೆ ಕಿವಿಗೊಟ್ಟವರು

ಕಣ್ಣಿಲ್ಲದವನನ್ನು ಕಂಡರೆ ಲೋಕಕ್ಕೆ ಕನಿಕರ ಹುಟ್ಟುತ್ತದೆ. ಕಿವಿ ಕೇಳಿಸದವನನ್ನು ಕಂಡರೆ ನಗೆ ಹುಟ್ಟುತ್ತದೆ. ನಮ್ಮ ಪ್ರಹಸನಗಳಲ್ಲಿ ಕಿವುಡ ಮಾವನೊಬ್ಬ ರಂಗಕ್ಕೆ ಬಂದು, “ಊಟವಾಯಿತೇ?” ಎಂದು ಕೇಳಿದವರಿಗೆ “ಊರಿಗೆ ನಾಳೆ ಹೊರಡುತ್ತೇನೆ” ಎಂದು ಉತ್ತರ ಕೊಟ್ಟರೆ ಸಾಕು, ಸಭೆಯೆಲ್ಲ ಗೊಳ್ಳೆಂದು ನಗುತ್ತದೆ. ಕಿವುಡನ ಮುಂದೆ ಶಂಖ ಊದಿದಂತೆ ಎಂಬ ಗಾದೆಯಲ್ಲಿ ಕೂಡ ಮರುಕವೆಲ್ಲ ಊದಿದವನ ಪಾಲಿಗೆ. ಕೇಳಲಾರದವನ ಪಾಲಿಗೆ ಏನೂ ಇಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಕಣ್ಣಿನ ಕೊರತೆ ಎದುರಿಗಿದ್ದವನಿಗೆ ಕಾಣುತ್ತದೆ. ಕಿವಿಯ ಕೊರತೆ ಕಾಣುವುದಿಲ್ಲ. ಕಾಣದ ಕೊರತೆಯನ್ನು ಜನ ದಡ್ಡತನವೆಂದೋ, ಗರ್ವವೆಂದೋ, ಅಲಕ್ಷ್ಯವೆಂದೋ ಎಣಿಸುತ್ತಾರೆ. ಆದುದರಿಂದ ಕಿವಿ ಹೋದವನು ಮೊದಲು ಶಬ್ದವನ್ನು ಕಳೆದುಕೊಳ್ಳುತ್ತಾನೆ. ಅದರ ಬೆನ್ನಲ್ಲಿಯೇ ಜನರನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ತನ್ನ ಮೇಲೆ ತನಗಿದ್ದ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ.

ಈ ಮೂರನ್ನೂ ಕಳೆದುಕೊಂಡು ಮೂರನ್ನೂ ಮರಳಿ ಪಡೆದವರು ಬ್ರಿಟನ್ನಿನ ಪಾರ್ಲಿಮೆಂಟಿನ ಸದಸ್ಯರಾಗಿದ್ದ ಜಾಕ್ ಆಷ್ಲಿಯವರು. ಅವರ ಕಥೆಯಲ್ಲಿ ಗಮನಿಸಬೇಕಾದುದು ಮರಳಿ ಪಡೆದ ಕ್ರಮವನ್ನು. ಎಲ್ಲಕ್ಕಿಂತ ಮೊದಲು ಹೋದ ಶಬ್ದ ಎಲ್ಲಕ್ಕಿಂತ ಕೊನೆಗೆ ಬಂದಿತು. ಅದು ಬರುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಉಳಿದೆರಡನ್ನೂ ಅವರು ಶಬ್ದದ ನೆರವಿಲ್ಲದೆಯೇ ಗಳಿಸಿಕೊಂಡಿದ್ದರು.

ಆಷ್ಲಿಯವರು ಹುಟ್ಟಿದ್ದು 1922ರಲ್ಲಿ, ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನಲ್ಲಿ. ರಾಸಾಯನಿಕ ಕಾರ್ಖಾನೆಗಳನ್ನೇ ನಂಬಿ ಬದುಕುತ್ತಿದ್ದ ಊರು ಅದು. ಮಗನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ದುಡಿದು ಮಕ್ಕಳನ್ನು ಸಾಕಿದರು. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ಶಾಲೆ ಬಿಟ್ಟು ಕಾರ್ಖಾನೆ ಸೇರಿದ; ಕೂಲಿ ಮಾಡಿದ, ಕ್ರೇನ್ ನಡೆಸಿದ. ಕಾರ್ಮಿಕ ಸಂಘದಲ್ಲಿ ಮಾತನಾಡಲು ಕಲಿತ. ಮುಂದೆ ವಿದ್ಯಾರ್ಥಿವೇತನದ ಬಲದಿಂದ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜು, ಅಲ್ಲಿಂದ ಕೇಂಬ್ರಿಜ್. 1951ರಲ್ಲಿ ಕೇಂಬ್ರಿಜ್ ಯೂನಿಯನ್ ಎಂಬ ಹೆಸರಾಂತ ಚರ್ಚಾಸಂಘಕ್ಕೆ ಅಧ್ಯಕ್ಷರಾದರು. ಬಿ.ಬಿ.ಸಿ.ಯಲ್ಲಿ ಕೆಲವು ಕಾಲ ಕೆಲಸ ಮಾಡಿ, 1966ರಲ್ಲಿ ಸ್ಟೋಕ್-ಆನ್-ಟ್ರೆಂಟ್ ದಕ್ಷಿಣ ಕ್ಷೇತ್ರದಿಂದ ಲೇಬರ್ ಪಕ್ಷದ ಸದಸ್ಯರಾಗಿ ಕಾಮನ್ಸ್ ಸಭೆಯನ್ನು ಪ್ರವೇಶಿಸಿದರು. ಈ ಮೇಲೇರುವಿಕೆಯ ಒಂದೊಂದು ಮೆಟ್ಟಿಲನ್ನೂ ಅವರು ಕಟ್ಟಿದ್ದು ಮಾತಿನಿಂದ, ಮರುಮಾತಿನಿಂದ. ಅವರ ಆಸ್ತಿಯೆಂದರೆ ನಾಲಗೆ ಮತ್ತು ಕಿವಿ.

ಅವರು ಗೆದ್ದು ಎರಡು ವರ್ಷ ತುಂಬುವ ಮೊದಲೇ ಆ ಆಸ್ತಿಯಲ್ಲಿ ಅರ್ಧ ಹೋಯಿತು. ಅವರ ಕಿವಿಯ ತಮಟೆಯಲ್ಲಿ ರಂಧ್ರವಿತ್ತು. ಕೇಳುವ ಶಕ್ತಿ ಸ್ವಲ್ಪ ಕುಂದಿತ್ತು. ಅದನ್ನು ಸರಿಪಡಿಸಿಕೊಳ್ಳಲೆಂದು 1967ರ ಡಿಸೆಂಬರಿನಲ್ಲಿ ಒಂದು ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದರಿಂದ ತೊಡಕು ಹುಟ್ಟಿ, ಇದ್ದ ಶ್ರವಣಶಕ್ತಿಯೂ ಪೂರ್ತಿಯಾಗಿ ನಾಶವಾಯಿತು. ಆಗ ಅವರಿಗೆ ನಲವತ್ತೈದು ವರ್ಷ. ಹೆಂಡತಿ ಪಾಲಿನ್, ಮೂವರು ಹೆಣ್ಣುಮಕ್ಕಳು. ಹೊರಗಿನ ಲೋಕ ಮೂಕವಾಯಿತು. ಆದರೆ ಕಿವಿಯೊಳಗೆ ಹಗಲಿರುಳೂ ಒಂದು ಭೋರ್ಗರೆತ ಎದ್ದಿತು. ಕಿವುಡರೆಂದರೆ ಶಾಂತಿಯಲ್ಲಿ ಇರುವವರೆಂದು ತಿಳಿದವರಿಗೆ ಈ ಮಾತು ಗೊತ್ತಿರಲಾರದು.

ಅವಸರವಸರವಾಗಿ ತುಟಿಯ ಚಲನೆಯನ್ನು ನೋಡಿ ಮಾತನ್ನು ತಿಳಿಯುವ ವಿದ್ಯೆಯನ್ನು ಅವರು ಕಲಿತರು. ಅದೆಷ್ಟು ಕಷ್ಟವೆಂಬುದನ್ನು ಓದುಗರು ಕನ್ನಡಿಯ ಮುಂದೆ ನಿಂತು ಪರೀಕ್ಷಿಸಬಹುದು. ‘ಬರ’, ‘ಮರ’, ‘ಪರ’ ಎಂಬ ಮೂರು ಪದಗಳನ್ನು ದನಿಯೆತ್ತದೆ ಬರಿಯ ತುಟಿಯಲ್ಲಿ ಆಡಿ ನೋಡಿದರೆ ಮೂರೂ ಒಂದೇ ಆಗಿ ಕಾಣುತ್ತವೆ. ಗಂಟಲಿನ ಬಳಿ ಹುಟ್ಟುವ ‘ಕ’, ‘ಗ’ಗಳಂತೂ ತುಟಿಗೆ ಬರುವುದೇ ಇಲ್ಲ. ಅರ್ಧ ಕಂಡು ಅರ್ಧ ಊಹಿಸಬೇಕು. ಊಹಿಸುವಷ್ಟರಲ್ಲಿ ಮಾತು ಮುಂದಕ್ಕೆ ಓಡಿರುತ್ತದೆ. ಎದುರಿನವನು ಮುಖ ತಿರುಗಿಸಿದರೆ, ಬಾಯಿಗೆ ಕೈ ಅಡ್ಡ ಹಿಡಿದರೆ, ಬೆಳಕು ಅವನ ಬೆನ್ನ ಹಿಂದಿದ್ದರೆ ಅಷ್ಟೂ ವ್ಯರ್ಥ.

ಇಷ್ಟೇ ಸಾಮಗ್ರಿಯೊಡನೆ ಕಾಮನ್ಸ್ ಸಭೆಗೆ ಮರಳುವುದೆಂದರೇನು? ಆ ಸಭೆಯಲ್ಲಿ ಎದುರುಬದುರು ಸಾಲುಗಳು. ಮಾತು ಈ ಮೂಲೆಯಿಂದ ಆ ಮೂಲೆಗೆ ಚೆಂಡಿನಂತೆ ಹಾರುತ್ತದೆ. ಒಬ್ಬರ ಮಾತಿಗೆ ಹತ್ತು ಕಡೆಯಿಂದ ಚುಚ್ಚುನುಡಿ ಬೀಳುತ್ತದೆ. ಯಾರು ಮಾತನಾಡುತ್ತಿದ್ದಾರೆಂದು ಹುಡುಕುವಷ್ಟರಲ್ಲಿ ಮಾತೇ ಮುಗಿದಿರುತ್ತದೆ. ಮಾತಿನಿಂದ ಬೆಳೆದ ಮನುಷ್ಯ ಮಾತಿನ ಮಧ್ಯದಲ್ಲಿಯೇ ಒಂಟಿಯಾಗಿ ಕುಳಿತ. ರಾಜೀನಾಮೆ ಕೊಟ್ಟು ಹೊರಟುಹೋಗಬೇಕೆಂದು ಅವರು ಯೋಚಿಸಿದುದು ಸಹಜವೇ.

ಹೋಗಬೇಡಿರೆಂದು ತಡೆದವರು ಸಹೋದ್ಯೋಗಿಗಳು, ಕ್ಷೇತ್ರದ ಜನ, ಮನೆಯವರು. ಆದರೆ ಬರಿಯ ಬಾಯುಪಚಾರದಿಂದ ಯಾರೂ ಸಭೆಯಲ್ಲಿ ಉಳಿಯಲಾರರು. ಆಷ್ಲಿಯವರಿಗೆ ತಮ್ಮ ಧ್ವನಿಯೇ ಕೇಳುತ್ತಿರಲಿಲ್ಲ. ಅದು ಕೂಗಾಯಿತೋ ಪಿಸುಮಾತಾಯಿತೋ ಅವರು ತಿಳಿಯುವಂತಿರಲಿಲ್ಲ. ಮಿತ್ರಸದಸ್ಯರು ಸನ್ನೆಯಿಂದ ಅದನ್ನು ತಿಳಿಸುತ್ತಿದ್ದರು. ಅವರಿಗೆ ಉತ್ತರ ಕೊಡುವವರು ಅವರ ಕಡೆಗೆ ಮುಖ ಮಾಡಿ ಮಾತನಾಡುವುದನ್ನು ರೂಢಿಸಿಕೊಂಡರು. 1970ರ ದಶಕದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂತ್ರಜ್ಞರು ಇನ್ನೊಂದು ಉಪಾಯ ಹೂಡಿದರು. ಸಭೆಯ ಮಾತನ್ನು ಶೀಘ್ರಲಿಪಿಯ ಯಂತ್ರದಲ್ಲಿ ಒತ್ತಿದಂತೆಯೇ ಕಂಪ್ಯೂಟರು ಅದನ್ನು ಅಕ್ಷರವಾಗಿಸಿ, ಆಷ್ಲಿಯವರ ಎದುರಿನ ಪುಟ್ಟ ತೆರೆಯ ಮೇಲೆ ಮೂಡಿಸುತ್ತಿತ್ತು. ಒಬ್ಬ ಸದಸ್ಯನಿಗಾಗಿ ಸಭೆ ತನ್ನ ನಡವಳಿಕೆಯನ್ನು ಕೊಂಚ ತಿದ್ದಿಕೊಂಡಿತು; ಆ ಸದಸ್ಯ ಸಭೆಗಾಗಿ ತನ್ನ ಶ್ರಮವನ್ನು ಇಮ್ಮಡಿ ಮಾಡಿದ. ಸಮಾಜವೆಂಬುದು ಹೀಗೆ ಎರಡು ಕಡೆಯಿಂದಲೂ ಕಟ್ಟಬೇಕಾದ ಸೇತುವೆ.

ಆತ್ಮವಿಶ್ವಾಸ ಬಂದ ಬಗೆಯನ್ನು ನೋಡಿದರೆ ಇನ್ನೂ ಸೋಜಿಗವೆನಿಸುತ್ತದೆ. ಅದು ತಮ್ಮ ದುಃಖವನ್ನು ಕುರಿತು ಚಿಂತಿಸಿದುದರಿಂದ ಬರಲಿಲ್ಲ. ಇತರರ ದುಃಖಕ್ಕೆ ಕಿವಿಗೊಟ್ಟುದರಿಂದ ಬಂದಿತು. 1969ರಲ್ಲಿ ಅವರು ಅಂಗವಿಕಲರ ಹಿತಕ್ಕಾಗಿ ಎಲ್ಲ ಪಕ್ಷಗಳ ಸದಸ್ಯರನ್ನೂ ಒಂದು ಕೂಟವಾಗಿ ಸೇರಿಸಿದರು. ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಥ್ಯಾಲಿಡೊಮೈಡ್ ಎಂಬ ಔಷಧದ ದುಷ್ಪರಿಣಾಮ ದೊಡ್ಡ ಅಳಲಾಗಿತ್ತು. ಗರ್ಭಿಣಿಯರು ಸೇವಿಸಿದ ಆ ಔಷಧದಿಂದ ನೂರಾರು ಮಕ್ಕಳು ಕೈಕಾಲುಗಳ ವಿಕಲತೆಯೊಡನೆ ಹುಟ್ಟಿದ್ದರು. ಔಷಧ 1961ರಲ್ಲಿಯೇ ಮಾರುಕಟ್ಟೆಯಿಂದ ಹೋಗಿದ್ದರೂ ಹತ್ತು ವರ್ಷ ಕಳೆದ ಮೇಲೂ ಬಹುಪಾಲು ಕುಟುಂಬಗಳಿಗೆ ತಕ್ಕ ಪರಿಹಾರ ಸಿಕ್ಕಿರಲಿಲ್ಲ. 1972ರ ನವೆಂಬರಿನಲ್ಲಿ ಈ ವಿಷಯವನ್ನು ಕಾಮನ್ಸ್ ಸಭೆಯ ಮುಂದಿಟ್ಟು ಮನಕರಗುವಂತೆ ವಾದಿಸಿದವರು, ಸಭೆಯ ಒಂದು ಶಬ್ದವನ್ನೂ ಕೇಳಲಾರದ ಆಷ್ಲಿಯವರು. ಪತ್ರಿಕೆಯೊಂದರ ಹೋರಾಟವೂ ಜೊತೆಗೂಡಿ, ಮರುವರ್ಷವೇ ಪರಿಹಾರದ ಮೊತ್ತ ಬಹುವಾಗಿ ಏರಿತು. 1973ರಲ್ಲಿ ಗಂಡನ ಹೊಡೆತ ತಿಂದು ಬಾಯಿಮುಚ್ಚಿ ಬಾಳುವ ಹೆಂಗಸರ ಸಂಕಟವನ್ನು ಅವರು ಸಭೆಯಲ್ಲಿ ಎತ್ತಿದರು. ಲಸಿಕೆಯ ಅಪರೂಪದ ದುಷ್ಪರಿಣಾಮದಿಂದ ನೊಂದ ಮಕ್ಕಳಿಗಾಗಿಯೂ ಹೋರಾಡಿದರು. ಅವರಿಗೆ ಧನಸಹಾಯ ನೀಡುವ ಕಾಯಿದೆ 1979ರಲ್ಲಿ ಬಂದಿತು.

ಇವರೆಲ್ಲರೂ ಒಂದು ಅರ್ಥದಲ್ಲಿ ಆಷ್ಲಿಯವರ ಬಂಧುಗಳೇ. ಇವರ ಕೂಗು ಊರಿಗೆ ಕೇಳುತ್ತಿರಲಿಲ್ಲ. ಊರಿನ ಕೂಗು ಅವರಿಗೆ ಕೇಳುತ್ತಿರಲಿಲ್ಲ. 1985ರಲ್ಲಿ ಅವರೂ ಪಾಲಿನ್ ಅವರೂ ಸೇರಿ ಕಿವುಡುತನದ ಸಂಶೋಧನೆಗಾಗಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮ ಕಿವಿ ಮರಳುವುದೆಂಬ ಭರವಸೆಯಿಂದಲ್ಲ, ಮುಂದೆ ಬರುವವರ ಕಿವಿ ಉಳಿಯಲೆಂದು.

1992ರಲ್ಲಿ ಅವರು ಕಾಮನ್ಸ್ ಸಭೆಯಿಂದ ನಿವೃತ್ತರಾಗಿ ಲಾರ್ಡ್ಸ್ ಸಭೆಗೆ ಹೋದರು. ಮರುವರ್ಷ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣವನ್ನು ಅಳವಡಿಸಿಕೊಂಡರು. ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಒಂದು ಅವಯವವಿದೆ. ಅದರಲ್ಲಿರುವ ಸುಮಾರು 15,000 ರೋಮಕೋಶಗಳು ಶಬ್ದದ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ನರಕ್ಕೆ ಒಪ್ಪಿಸುತ್ತವೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶಬ್ದವನ್ನು ದೊಡ್ಡದು ಮಾಡುವ ಸಾಧಾರಣ ಶ್ರವಣಯಂತ್ರದಿಂದ ಆಗ ಫಲವಿಲ್ಲ. ಶಂಖ ಊದಿದರೂ ಅಷ್ಟೆ. ಈ ಹೊಸ ಉಪಕರಣವು ಸತ್ತ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ಮಾತನಾಡಿಸುತ್ತದೆ. ಕಿವಿಯ ಹಿಂದಿನ ಪುಟ್ಟ ಯಂತ್ರ ಶಬ್ದವನ್ನು ಹಿಡಿದು, ಚರ್ಮದ ಕೆಳಗೆ ಹುದುಗಿಸಿದ ಗ್ರಾಹಕಕ್ಕೆ ಕಳುಹಿಸುತ್ತದೆ. ಅಲ್ಲಿಂದ ಕೂದಲೆಳೆಯಂಥ ತಂತಿಗಳ ಮೂಲಕ ಸಂಕೇತ ಒಳಗಿವಿಯ ಸುರುಳಿಯನ್ನು ಸೇರುತ್ತದೆ. ಸಾವಿರಾರು ಕೋಶಗಳ ಕೆಲಸವನ್ನು ಹತ್ತಿಪ್ಪತ್ತು ವಿದ್ಯುತ್ ಬಿಂದುಗಳು ಮಾಡಬೇಕು.

ಆದುದರಿಂದ ಮರಳಿ ಬಂದ ಶಬ್ದ ಹೋದ ಶಬ್ದದಂತಿರುವುದಿಲ್ಲ. ಮೊದಮೊದಲು ಆಷ್ಲಿಯವರಿಗೆ ಮನುಷ್ಯರ ಧ್ವನಿ ಗಂಟಲು ಕಟ್ಟಿದ ಯಂತ್ರದ ಗೊಗ್ಗರದಂತೆ ಕೇಳಿಸಿತು. ಮಿದುಳು ಆ ಗೊಗ್ಗರದಲ್ಲಿ ಅಕ್ಷರಗಳನ್ನು ಗುರುತಿಸುವುದನ್ನು ಮಗುವಿನಂತೆ ಮೊದಲಿನಿಂದ ಕಲಿಯಬೇಕಾಯಿತು. ಕಲಿತರು. ಇಪ್ಪತ್ತೈದು ವರ್ಷ ತುಟಿಯಲ್ಲಿ ಮಾತ್ರ ಕಂಡ ಹೆಂಡತಿಯ ಮಾತು ಮತ್ತೆ ಕಿವಿಗೆ ಬಿದ್ದಿತು. 2003ರಲ್ಲಿ ಪಾಲಿನ್ ತೀರಿಕೊಳ್ಳುವವರೆಗೆ, ಹತ್ತು ವರ್ಷ, ಆ ಭಾಗ್ಯ ಅವರಿಗಿತ್ತು. 2012ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರೂ ಕಣ್ಮುಚ್ಚಿದರು.

ಯಂತ್ರ ಕೊಟ್ಟದ್ದು ಸಣ್ಣದಲ್ಲ. ಆದರೆ ಯಂತ್ರ ಬರುವವರೆಗೆ ಅವರು ಮನುಷ್ಯರ ನಡುವೆ ಮನುಷ್ಯರಾಗಿ ಉಳಿದುದು ಕೆಲವರು ಮುಖ ತಿರುಗಿಸಿ ಮಾತನಾಡಿದುದರಿಂದ. ತಿರುಗಿಸಿದ್ದು ಅತ್ತ ಕಡೆಗಲ್ಲ, ಅವರ ಕಡೆಗೆ.

ಇದನ್ನು ಓದುವವರ ಮನೆಗಳಲ್ಲಿಯೂ ಕಿವಿ ಮಂದವಾದ ಅಜ್ಜ ಅಜ್ಜಿಯರು ಇದ್ದಾರು. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಶ್ರವಣಯಂತ್ರ ಒಗ್ಗುವವರಿಗೆ ಅದನ್ನು ಕೊಡಿಸಬೇಕು. ಇವೆಲ್ಲ ಹಣವೂ ಕಾಲವೂ ಬೇಡುವ ಕೆಲಸಗಳು. ಹಣವಿಲ್ಲದೆ ಇಂದೇ ಮಾಡಬಹುದಾದುದೂ ಒಂದಿದೆ. ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಯಾವುದಕ್ಕೋ ನಕ್ಕಾಗ ಅವರು, “ಏನಂತೆ?” ಎಂದು ಕೇಳುತ್ತಾರೆ. “ಏನಿಲ್ಲ ಬಿಡಿ” ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ನೂರು ಸಲ ಕೇಳಿಸಿಕೊಂಡವರು ನೂರೊಂದನೆಯ ಸಲ ಕೇಳುವುದಿಲ್ಲ. ತಟ್ಟೆಯತ್ತ ನೋಡುತ್ತ ಸುಮ್ಮನಾಗುತ್ತಾರೆ. ಅವರ ಎದುರಿಗೆ ತಿರುಗಿ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು, ಆ ನಗೆಯ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಹೇಳಲು ಅರ್ಧ ನಿಮಿಷ ಸಾಕು.