ಶ್ರಾವಕರ ಕಿವಿಗೂ ಒಂದು ವ್ರತವಿದೆ

ಶ್ರಾವಕನೆಂದರೆ ಕೇಳುವವನು, ಕಿವಿಗೆ ಬಿದ್ದುದನ್ನೆಲ್ಲ ಕೇಳುವವನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪಾಪೋಪದೇಶ, ಹಿಂಸಾದಾನಗಳ ಸಾಲಿನಲ್ಲಿಯೇ ದುಃಶ್ರುತಿಯನ್ನೂ ಇರಿಸಿದ್ದಾರೆ. ರಾಗದ್ವೇಷಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುವುದೇ ದುಃಶ್ರುತಿ. ಡೊಂಬಿವಲಿಯಿಂದ ಸಿಎಸ್‌ಎಂಟಿಯವರೆಗೆ ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಲ್ಲುವ ನಮ್ಮವರಿಗೆ ಈ ವ್ರತ ಹಿಂದೆಂದಿಗಿಂತಲೂ ಕಠಿಣವಾಗಿದೆ.

2025ರ ಜುಲೈ 16ರಂದು ಬಾಂಬೆ ಹೈಕೋರ್ಟು, ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಆನೆ ಮಹಾದೇವಿಯನ್ನು ಜಾಮ್‌ನಗರದ ಆನೆ ಪಾಲನಾ ಕೇಂದ್ರಕ್ಕೆ ಕಳುಹಿಸಬೇಕೆಂದು ಆದೇಶಿಸಿತು. ಅದೇ ತಿಂಗಳ 28ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿ ಇಂದಿಗೂ ಆ ಮಠಕ್ಕೆ ನಡೆದುಕೊಳ್ಳುವ ಕುಟುಂಬಗಳಿಗೆ ಇದು ಮನೆಯದೇ ನೋವು. ಆದರೆ ಅನಂತರದ ದಿನಗಳಲ್ಲಿ ವಾಟ್ಸ್ಯಾಪಿನಲ್ಲಿ ಹರಿದುಬಂದುದೇನು? ಆನೆಯ ಕಣ್ಣೀರಿನ ವಿಡಿಯೊಗಳು, ಜಿಯೋ ಸಿಮ್ ತ್ಯಜಿಸಿರೆಂಬ ಕರೆಗಳು, ಇದರ ಹಿಂದೆ ಯಾರಿದ್ದಾರೆಂಬ ಊಹೆಗಳು. ಆನೆಯ ಗಾಯಗಳ ಬಗ್ಗೆ, ಮಿತಿಮೀರಿ ಬೆಳೆದ ಉಗುರುಗಳ ಬಗ್ಗೆ, ಮೆರವಣಿಗೆಗಳಲ್ಲಿ ಅದನ್ನು ಬಳಸಿದ ಬಗ್ಗೆ ನ್ಯಾಯಾಲಯ ಚರ್ಚಿಸಿದ ಪುಟಗಳನ್ನು ಮಾತ್ರ ಯಾರೂ ಕಳುಹಿಸಲಿಲ್ಲ. ಅವುಗಳನ್ನು ಓದಿ ಒಪ್ಪಬಹುದು, ಮಠದ ಪರವಾಗಿ ವಾದಿಸಲೂಬಹುದು. ಅಹಿಂಸೆಯೇ ಪರಮಧರ್ಮವೆನ್ನುವ ಸಮಾಜ ಒಂದು ಮೂಕ ಪ್ರಾಣಿಯ ಆರೋಗ್ಯದ ವಿವರಗಳನ್ನೇ ಓದದೆ ಬೀದಿಗಿಳಿಯುವುದು ಮಾತ್ರ ನನಗೆ ಸರಿಯೆನಿಸುವುದಿಲ್ಲ.

ಇದು ರಾಜಕೀಯದಿಂದ ದೂರವಿರಿ ಎಂಬ ಉಪದೇಶವಲ್ಲ (ಅಂಥ ಉಪದೇಶ ನಮ್ಮಲ್ಲಿ ಬೇಕಾದಷ್ಟಿದೆ). 2014ರ ಜನವರಿ 27ರಂದು ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಅದರಿಂದ ಮಕ್ಕಳ ವಿದ್ಯಾಭ್ಯಾಸಕ್ಕೆ ಯಾವ ನೆರವು ಸಿಗುತ್ತದೆ, ಯಾವ ಕಾಗದಪತ್ರ ಬೇಕು, ಅರ್ಜಿಯ ಕಡೆಯ ದಿನ ಯಾವುದು? ಆನೆಯ ವಿಡಿಯೊವನ್ನು ಹತ್ತು ಗುಂಪುಗಳಿಗೆ ಕಳುಹಿಸಿದವರನ್ನು ಕೇಳಿ ನೋಡಿ. ತಿಳಿಯಬೇಕಾದುದು ತಿಳಿಯದಿರಲು ಸಮಯದ ಅಭಾವವೇ ಕಾರಣವೆನ್ನುವಂತಿಲ್ಲ. ಬೇಡದ್ದೇ ಆ ಸಮಯವನ್ನು ನುಂಗಿದೆ.

ನ್ಯಾಯಾಲಯದ ಆದೇಶಗಳು ಇಂಗ್ಲಿಷಿನಲ್ಲಿರುತ್ತವೆ. ಮನೆಯ ಹಿರಿಯರಿಗೆ ಅವು ನಿಲುಕುವುದಿಲ್ಲವಾದ್ದರಿಂದಲೇ ಫಾರ್ವರ್ಡುಗಳು ಅವರಿಗೆ ಪ್ರಮಾಣವಾಗುತ್ತವೆ. ನಮ್ಮ ಯುವಕ ಯುವತಿಯರು ದಿನವಿಡೀ ಇಂಗ್ಲಿಷ್ ಕಡತಗಳನ್ನೇ ಓದುವ ನೌಕರಿಗಳಲ್ಲಿದ್ದಾರೆ. ಇಂಥ ಪ್ರಕರಣ ಬಂದಾಗ ಅವರಲ್ಲಿ ಇಬ್ಬರು ಮೂಲ ಆದೇಶವನ್ನು ಓದಿ, ಭಾನುವಾರದ ಪೂಜೆಯ ನಂತರ ಬಸದಿಯ ಅಂಗಳದಲ್ಲಿ ಅರ್ಧ ಗಂಟೆ ಕನ್ನಡದಲ್ಲಿ ವಿವರಿಸಲಿ. ಅಲ್ಲಿಯವರೆಗೆ ಉಳಿದವರು ಯಾವುದನ್ನೂ ಮುಂದಕ್ಕೆ ಕಳುಹಿಸದಿರಲಿ.